ನಿಂತವನ ಕುರ್ಚಿ

ಮನೆ, ಅಡುಗೆಕಟ್ಟೆಯ ಪಕ್ಕದಿಂದ
ಮಾರ್ಚ್ ೧೨, ಬೆಳಗ್ಗೆ

ಪ್ರೀತಿಯ ಚಿನಕುರಳಿಗೆ,

ಅಜ್ಜನ ಆಶೀರ್ವಾದ. ಹೇಗಿದ್ದೀಯೆ ಮಗಳೇ? ಉಳಿ ತಾಗಿದ ಬೆರಳು ಮಾಯಿತೇ? ಆ ವಿಷಯ ನಿನ್ನ ಅಮ್ಮನಿಗೆ ಹೇಳಿಲ್ಲ. ಹೇಳಿದ್ದರೆ ಇಷ್ಟು ಹೊತ್ತಿಗೆ ಅವಳು ವಿಮಾನ ಹತ್ತಿರುತ್ತಿದ್ದಳು. ಅಲ್ಲಿ ಚಳಿ ಹೆಚ್ಚೆಂದು ಬರೆದಿದ್ದೀಯೆ, ಚಂದ ಕಾಣಬೇಕೆಂದು ಕಿವಿ ಬಿಟ್ಟುಕೊಂಡು ಓಡಾಡಬೇಡ. ಇಲ್ಲಿ ಎಲ್ಲರೂ ಕ್ಷೇಮ. ನನಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದೇನೆ. ಫೋನು ಮಾಡೋಣವೆಂದರೆ ನಿನ್ನ ಅಪ್ಪ ಸ್ಪೀಕರ್ ಹಾಕಿ ಬೀದಿಗೆಲ್ಲ ಕೇಳಿಸುತ್ತಾನೆ. ಅದಕ್ಕೇ ಈ ಕಾಗದ. ಬರೆದು ಮುಗಿಸಿ ಫೋಟೊ ತೆಗೆದು ಕಳಿಸುತ್ತೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಿನ್ನ ಪತ್ರ ಓದಿದಾಗಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ, ಕಾಲಂತೂ ಮೊದಲೇ ನಿಲ್ಲುವುದಿಲ್ಲ. ಹಜಾರದಿಂದ ಬಾಗಿಲಿಗೆ, ಬಾಗಿಲಿನಿಂದ ಹಿತ್ತಿಲಿಗೆ. "ಮಾವಾ, ಒಂದ್ಕಡೆ ಕೂತ್ಕೊಳ್ಳಿ, ನಿಮ್ಮನ್ನ ನೋಡಿ ನನಗೇ ಕಾಲು ನೋಯ್ತಿದೆ" ಅನ್ನುತ್ತಾಳೆ ನಿನ್ನ ಅಮ್ಮ. ಬಸ್ಸಿನಲ್ಲಿ ಜೀವಮಾನವಿಡೀ ನಿಂತವನಿಗೆ ಈಗ ಕೂರು ಅಂದರೆ ಹೇಗಮ್ಮಾ ಅನ್ನುತ್ತೇನೆ. ಕಂಡಕ್ಟರಿಗೆಂದು ಒಂದು ಸೀಟೇನೋ ಇತ್ತು. ಬಸುರಿ ಹೆಂಗಸೋ ಮುದುಕರೋ ಹತ್ತಿದರೆ ಅದು ಅವರದೇ. ಆಗೆಲ್ಲ ಮುದುಕರೆಂದರೆ ಬೇರೆ ಯಾವುದೋ ಊರಿನವರು ಅಂದುಕೊಂಡಿದ್ದೆ.

ನಿಮಗೆ ಕುರ್ಚಿ ಮಾಡಲು ಕಲಿಸುವ ಆ ಮೇಸ್ತ್ರಿಯ ವಿಷಯ ಓದಿ ಖುಷಿಯಾಯಿತು, ಸಿಟ್ಟೂ ಬಂತು. ಮೊಳೆ ಇಲ್ಲ, ಅಂಟಿಲ್ಲ. ಗಾಳಿಗೆ ಬಿದ್ದ ಮರದ ಹಸಿ ಕಾಲಿಗೆ ಒಣಗಿದ ಅಡ್ಡಕೋಲು ತೂರಿಸಿದರೆ, ಕಾಲು ಒಣಗುತ್ತ ಒಣಗುತ್ತ ಕೋಲನ್ನು ಬಿಗಿದು ಹಿಡಿಯುತ್ತದಂತೆ. ಇದಕ್ಕಾಗಿ ಕಾಲೇಜಿನವರು ನಿಮ್ಮನ್ನು ಸಮುದ್ರ ದಾಟಿಸಬೇಕಿತ್ತೇ? ನಾನೂ ನಿನ್ನ ಅಜ್ಜಿಯೂ ಸಂಸಾರ ಮಾಡಿದ್ದೇ ಹಾಗೆ. ಒಣ ಕೋಲು ಯಾರೆಂದು ಕೇಳಬೇಡ. ಆದರೆ ಯಾರು ಕೂರುತ್ತಾರೆಂದು ಹೇಳಿ ಅವರ ಅಳತೆ ಕೊಡುವವರೆಗೆ ಮೇಸ್ತ್ರಿ ಗರಗಸ ಮುಟ್ಟಲು ಬಿಡುವುದಿಲ್ಲವಂತಲ್ಲ, ಅದು ಮೆಚ್ಚುವ ಮಾತು. ನಿನ್ನ ಗೆಳತಿ "ಎಲ್ಲರಿಗೂ" ಅಂದಾಗ ಆತ ಎದ್ದು ಚಹಾ ಕುಡಿಯಲು ಹೋದನಂತೆ. ನಮ್ಮ ಡಿಪೋದಲ್ಲಿ ಇರಬೇಕಾಗಿದ್ದ ಮನುಷ್ಯ.

ಅಲ್ಲ ಕಣೇ, ಹೇಳಲು ನಿನಗೆ ನನ್ನ ಹೆಸರೇ ಸಿಕ್ಕಿತೇ? ನಿನ್ನ ಅಪ್ಪ ಇಲ್ಲವೇ, ಸೋಫಾದಲ್ಲಿ ಕೂತರೆ ಬೇರು ಬಿಡುವವನು? ಮೇಲಾಗಿ, ಮರ ಒಣಗುವ ಮುಂಚೆ, ಶನಿವಾರದೊಳಗೆ ಅಳತೆ ಬೇಕು, ಇಲ್ಲದಿದ್ದರೆ ಕುರ್ಚಿಯೂ ಇಲ್ಲ ಅಂಕವೂ ಇಲ್ಲ ಅಂತ ಹೆದರಿಸಿದ್ದೀಯೆ. ಮರ ಉಳಿಸಲು ಕುರ್ಚಿಗೆ ಕೈಗಳನ್ನೇ ಇಡದೆ ಚಿತ್ರ ಬರೆದೆಯಂತೆ, ಎಲ್ಲರಿಗಿಂತ ಕಡಿಮೆ ಮರ ನಿನ್ನದೇ ಎಂದು ನಿಮ್ಮ ಮೇಡಂ ಭೇಷ್ ಅಂದರಂತೆ. ಸಂತೋಷ. ಆದರೆ ಕೊನೆಗೆ ಒಂದು ಸಾಲು ಬರೆದಿದ್ದೀಯೆ: "ಅಜ್ಜಾ, ನೀನು ಕೂತಿದ್ದು ನನಗೆ ನೆನಪಿಗೇ ಬರ್ತಿಲ್ಲ." ಆ ಸಾಲು ನನಗೆ ರಾತ್ರಿಯಿಡೀ ಕಾಟ ಕೊಟ್ಟಿತು.

ಇವತ್ತು ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಅಜ್ಜಿಯ ಹೊಲಿಗೆ ಟೇಪು ಹುಡುಕಿ, ಊಟದ ಮೇಜಿನ ಕುರ್ಚಿ ಎಳೆದುಕೊಂಡು ಕೂತೆ. ನೆಲದಿಂದ ಮಂಡಿಯ ಹಿಂಬದಿಗೆ ಹದಿನಾರೂವರೆ ಇಂಚು. ಸೊಂಟದ ಅಗಲ ಹದಿನಾಲ್ಕು. ಅಜ್ಜಿಯ ಕೈ ಅಡುಗೆ ನಿಂತ ಮೇಲೆ ಇಳಿದದ್ದು. ಅಳೆದದ್ದು ಚಿಟಿಕೆ ಹೊಡೆಯುವಷ್ಟರಲ್ಲಿ. ಆಮೇಲೆ ಸ್ವಲ್ಪ ಹೊತ್ತು ಅಲ್ಲೇ ಇದ್ದೆ. ಅಷ್ಟರಲ್ಲಿ ಗ್ಯಾಸಿನವನು ಬಂದು ಬಾಗಿಲು ತಟ್ಟಿ ತಟ್ಟಿ, ಬೈದುಕೊಂಡು, ಸಿಲಿಂಡರ್ ವಾಪಸ್ ಒಯ್ದ. ಸಂಜೆ ನಿನ್ನ ಅಮ್ಮನಿಂದ ಮಂಗಳಾರತಿ ಕಾದಿದೆ. ನಿದ್ದೆ ಹತ್ತಿತ್ತು ಅನ್ನುತ್ತೇನೆ. ಈಗ ಕಟ್ಟೆಗೆ ಒರಗಿ ನಿಂತೇ ಇದನ್ನು ಬರೆಯುತ್ತಿದ್ದೇನೆ.

ಮೇಸ್ತ್ರಿಗೆ ನನ್ನ ನಮಸ್ಕಾರ ತಿಳಿಸು, ಆತನಿಗೆ ಅರ್ಥವಾಗುವ ಭಾಷೆಯಲ್ಲಿ. ಬೆರಳು ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿನ್ನ ಕೈಗೆ ಒಳ್ಳೆಯ ಹದ ಕೂಡಿಬರಲಿ.

ಇಂತಿ,
ನಿನ್ನ ರೈಟ್‌ರೈಟ್ ಅಜ್ಜ

ತಾ.ಕ.: ಫೋಟೊ ತೆಗೆಯುವ ಮುಂಚೆ ಇದೊಂದು. ಕುರ್ಚಿಗೆ ಕೈ ಇಡು ಮಗಳೇ. ಅಂಕ ಕಡಿಮೆಯಾದರೂ ಚಿಂತೆಯಿಲ್ಲ. ಮೈಭಾರವೆಲ್ಲ ಊರಿದರೂ ತಡೆಯುವಂಥ ಗಟ್ಟಿ ಕೈಗಳಿರಲಿ. ಕೂತರೆ ಏಳಲು ಆಗುತ್ತಿಲ್ಲ ಕಣೇ, ಅಜ್ಜಿ ಹೋದಾಗಿನಿಂದ. ಅವಳು ಕೈ ಕೊಟ್ಟು ಎಬ್ಬಿಸುತ್ತಿದ್ದಳು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗ್ಯಾಸಿನವನು ಕೂಗುವಾಗ ನಾನು ಎಚ್ಚರವಾಗಿಯೇ ಇದ್ದೆ. ಮೇಜಿನ ಅಂಚು ಹಿಡಿದು ಏಳುವಷ್ಟರಲ್ಲಿ ಅವನು ಬೀದಿ ದಾಟಿದ್ದ. ನಿನ್ನ ಅಪ್ಪನಿಗೆ ಹೇಳಬೇಡ. ಮೇಸ್ತ್ರಿಗೆ ಹೇಳು.