ಕೈಗೆ ಬಾರದ ಡಿವಿಡೆಂಡ್

ಗಂಗಾಶ್ರೀ,

ಈ ಪತ್ರವನ್ನು ಸೊರಬದ ನಿನ್ನ ಮನೆಗೆ ಕಳಿಸುವುದಿಲ್ಲ. ನಿನ್ನ ಮೇಲೆ ಇನ್ನೂ ಸಿಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿ ಹಣ ಹಾಕಿಸಿದ್ದ ಇಂಡೆಕ್ಸ್ ಫಂಡನ್ನು ಮಾರಿಬಿಡಲು ಇವತ್ತು ಶಿಕಾರಿಪುರದ ಬ್ಯಾಂಕಿಗೆ ಹೋಗಿದ್ದೆ. "ಒಬ್ರು ಹೇಳಿದ್ರು ಅಂತ ಹಾಕಿದ್ದೆ. ನಾಕು ವರ್ಷ ಆತು, ಒಂದು ಪೈಸೆ ಡಿವಿಡೆಂಡ್ ಬಂದಿಲ್ಲ ನೋಡ್ರೀ," ಅಂದೆ.

ಕೌಂಟರಿನಲ್ಲಿದ್ದಾಕೆ ನಕ್ಕರು. "ಬಂದೈತ್ರೀ ಮೇಡಂ, ನಿಮ್ಮ ಕೈಗೆ ಬಂದಿಲ್ಲ ಅಷ್ಟೆ. ಇದ್ರಾಗೆ ಐವತ್ತು ಕಂಪನಿ ಷೇರು ಅದಾವು. ಅವು ಕೊಟ್ಟ ಲಾಭದ ಪಾಲು ಫಂಡಿನಾಗೇ ಸೇರಿ ನಿಮ್ಮ ಯೂನಿಟ್ಟಿನ ಬೆಲೆ ಏರ್ತೈತಿ. ಮಾರ್ಕೆಟ್ ಬಿದ್ರೆ ಇಳೀತೈತಿ. ಫಂಡಿನೋರು ಹಿಡ್ಕೊಳ್ಳೋ ಖರ್ಚಂತೂ ಭಾಳ ಕಮ್ಮಿ."

ಅದೆಲ್ಲ ನೀನು ಕೊಟ್ಟ ಕಾಗದದಲ್ಲೇ ಇತ್ತು, ಇಂಗ್ಲಿಷಿನಲ್ಲಿ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನಾನು ಓದಿರಲಿಲ್ಲ. ಮಂಡಿಯಲ್ಲಿ ಅಪ್ಪ ಚೀಲದ ತಳದವರೆಗೆ ಕೈ ಹಾಕಿ ನೋಡದೆ ಮೆಕ್ಕೆಜೋಳಕ್ಕೆ ಬೆಲೆ ಹೇಳುತ್ತಿರಲಿಲ್ಲ. ಅವರ ಮಗಳು ಚೀಲ ಬಿಚ್ಚದೆಯೇ, ನಮ್ಮಿಬ್ಬರ ಗೆಳತಿ ಸುಮಾಳ ಮಗುವಿನ ನಾಮಕರಣದ ಊಟದಲ್ಲಿ, ನಿನ್ನ ಹೆಸರು ಹಿಡಿದು ಮೋಸಗಾತಿ ಎಂದಳು. ನೀನು ಎಲೆ ಮಡಚಿ ಎದ್ದು ಹೋದೆ.

ಯಾಕೆ ಹೋದೆ? "ಓದಾಕೆ ಬರ್ತೈತಲ್ಲ, ತೆಗೆದು ಓದೇ," ಎಂದು ಅಲ್ಲೇ ಬೈಯಬೇಕಿತ್ತು. ಇಪ್ಪತ್ತು ವರ್ಷದಿಂದ ಗೆಳತಿಯಾಗಿದ್ದವಳಿಗೆ ಒಂದು ಬೈಗುಳವೂ ಇರಲಿಲ್ಲವೇ? ಅಥವಾ ನಾನು ನಿನಗೆ ಬಾಯಿ ತೆರೆಯಲು ಬಿಟ್ಟಿರಲಿಲ್ಲವೇ?

ಫಂಡ್ ಮಾರಲಿಲ್ಲ. "ಚಲೋದನ್ನೇ ತೋರಿಸ್ಯಾರೆ. ಯಾರ್ರೀ ಅವರು?" ಎಂದು ಆಕೆ ಕೇಳಿದರು. ಅವತ್ತು ಪಂಕ್ತಿಯ ಕೊನೆಯವರೆಗೂ ಕೇಳುವಂತೆ ಕೂಗಿದ್ದ ನಿನ್ನ ಹೆಸರು ಇವತ್ತು ಬಾಯಿಂದ ಹೊರಡಲಿಲ್ಲ.

"ಪರಿಚಯದವರೊಬ್ಬರು," ಅಂದೆ.