ಹರ್ನಿಯಾ ಅಂತ ಹೇಳಿದ್ದಕ್ಕೆ

ರೀ, ಇವತ್ತು ಮೊದಲನೇ ಬಸ್ಸಿಗೆ ನಾನೇ ಕಂಡಕ್ಟರು, ಡಿಪೋಗೆ ಹೊರಟೆ. ನಿಮ್ಮ ನಿದ್ದೆ ಕೆಡಿಸಬಾರದು ಅಂತ ಈ ಚೀಟಿ ದಿಂಬಿನ ಕೆಳಗಿಟ್ಟಿದ್ದೀನಿ. ಓದಿ ಹರಿದು ಹಾಕಿ.

ತಿಂಡಿ ಆದ ಮೇಲೆ ಮಾತ್ರೆ ತಗೊಳ್ಳಿ. ಐಸು ಬಟ್ಟೆಯಲ್ಲಿ ಸುತ್ತಿ ಇಟ್ಕೊಳ್ಳಿ. ಮಗಳು ಎಷ್ಟೇ ಅತ್ತರೂ ಎತ್ಕೋಬೇಡಿ.

ಮಿಕ್ಕಿದ್ದಕ್ಕೆಲ್ಲ ನಿಮ್ಮಮ್ಮ ಇದ್ದಾರಲ್ಲ. ನಿನ್ನೆಯಿಂದ ನೋಡ್ತಾನೇ ಇದ್ದೀನಿ. ಹಾಸಿಗೆಗೇ ಸೂಪು, ಕಾಲಿಗೆ ಎಣ್ಣೆ, ಬಿಸಿಲು ಬೀಳದ ಹಾಗೆ ಕಿಟಕಿಗೆ ಪರದೆ. ನನಗೆ ಎರಡು ಸಲ ಹೊಟ್ಟೆ ಕೊಯ್ದು ಹೆರಿಗೆ ಆದಾಗ ಇದೇ ಅಮ್ಮ, “ಹೆಂಗಸರಿಗೆ ಇದೆಲ್ಲ ಇದ್ದದ್ದೇ, ಎದ್ದು ಓಡಾಡಿದ್ರೆ ಬೇಗ ಮಾಯುತ್ತೆ” ಅಂದಿದ್ರು. ಹೊಟ್ಟೆ ಉರಿಯುತ್ತೆ ಕಣ್ರೀ, ಸುಳ್ಳು ಯಾಕೆ ಹೇಳಲಿ.

ಅದೂ ಮಕ್ಕಳಾಗದ ಹಾಗೆ ಮಾಡಿಸಿಕೊಂಡ ಆಪರೇಷನ್ನನ್ನ ಹರ್ನಿಯಾ ಅಂತ ಹೇಳಿ ಗಿಟ್ಟಿಸಿದ ಉಪಚಾರ. ಇಬ್ಬರಲ್ಲಿ ಯಾರಿಗಾದರೂ ಮಾಡಬಹುದು, ಗಂಡಸರಿಗಾದರೆ ಸುಲಭ ಅಂತ ಡಾಕ್ಟರು ಅಂದಾಗ, “ಇವಳನ್ನ ಇನ್ನೊಂದು ಸಲ ಕೊಯ್ಯೋದು ಬೇಡ, ನನಗೇ ಮಾಡಿ” ಅಂದವರು ನೀವೇ. ಆ ಮಾತು ನಾನು ಸಾಯೋವರೆಗೂ ಮರೆಯಲ್ಲ. ಅಮ್ಮನ ಮುಂದೆ ಅದನ್ನ ಹೇಳೋಕೆ ಮಾತ್ರ ನಿಮ್ಮ ಬಾಯಿಗೆ ಬೀಗ.

ಇನ್ನೊಂದು. ಮೂರು ತಿಂಗಳಾದ ಮೇಲೆ ಪರೀಕ್ಷೆ ಮಾಡಿ ಡಾಕ್ಟರು ಸರಿ ಅನ್ನೋವರೆಗೂ ಈ ಆಪರೇಷನ್ನು ಲೆಕ್ಕಕ್ಕಿಲ್ಲ. ಅಲ್ಲಿವರೆಗೆ ಹುಷಾರು.

ಸಂಜೆ ನಾನು ಬರೋದರೊಳಗೆ ಅಮ್ಮನಿಗೆ ನಿಜ ಹೇಳಿಬಿಡಿ. ಅವರು ಮುಖ ಊದಿಸಿಕೊಂಡು, ಮಾತು ಬಿಟ್ಟು, ತಟ್ಟೆ ಕುಕ್ಕಿದ್ರೆ ಸುಮ್ಮನೆ ಉಣ್ಣಿ. ಒಂದು ದಿನದ ಮಟ್ಟಿಗೆ ಅವರು ನಿಮಗೂ ಅತ್ತೆಯಾಗಲಿ.