ಅಧ್ಯಕ್ಷರ ಪಕ್ಕದಲ್ಲಿ ನಿಂತ ಫೋಟೊ

ನ್ಯೂ ಆರ್ಲಿಯನ್ಸ್
೧೯ ಮಾರ್ಚ್ ೧೯೭೨, ಭಾನುವಾರ

ಪ್ರೀತಿಯ ತಮ್ಮ ನ್ಯೂಮಾ,

ನಿನ್ನ ಸೊಂಟನೋವು ಹೇಗಿದೆ? ಲಾಸ್ ಏಂಜಲೀಸಿನ ಬಿಸಿಲಿಗೆ ಕಡಿಮೆಯಾದೀತು ಎಂದು ನೀನು ಬರೆದಿದ್ದೆ. ಆಗಿಲ್ಲವಾದರೆ ಡಾಕ್ಟರಿಗೆ ತೋರಿಸು, ಹಟ ಮಾಡಬೇಡ. ಅಮ್ಮನ ಉಸಿರಾಟ ಈಗ ಸುಧಾರಿಸಿದೆ. ಬೆಳಿಗ್ಗೆ ತಾನೇ ಚರ್ಚಿಗೆ ಹೋಗಿ ಬರುತ್ತಾಳೆ, ಬಂದು ನನ್ನ ಅಡುಗೆಗೆ ಉಪ್ಪು ಸಾಲದು ಎನ್ನುತ್ತಾಳೆ. ಅಂದರೆ ಗಟ್ಟಿಯಾಗಿದ್ದಾಳೆ.

ಗುರುವಾರದ ಊಟ ಸುಸೂತ್ರವಾಗಿ ಮುಗಿಯಿತು. ಗವರ್ನರು ಪಶ್ಚಿಮ ಆಫ್ರಿಕಾದಿಂದ ಬಂದ ಅಧ್ಯಕ್ಷರೊಬ್ಬರನ್ನು ನನ್ನ ಹೋಟೆಲಿಗೇ ಕರೆತಂದಿದ್ದರು. ನಾನು ಪಾತ್ರೆ ತೊಳೆಯಲು ಸೇರಿದ್ದ ಆ ದೊಡ್ಡ ಹೋಟೆಲಿನಲ್ಲಿ, ನಾವೇ ಬೇಯಿಸಿದ್ದನ್ನು ಕರಿಯರಾದ ನಾವು ಮೇಜಿಗೆ ಕೂತು ತಿನ್ನುವಂತಿರಲಿಲ್ಲವಲ್ಲ. ಆಮೇಲೆ ನನ್ನದೇ ಹೋಟೆಲಿನಲ್ಲಿ ಮೇಯರುಗಳಿಗೆ, ಸೆನೆಟರುಗಳಿಗೆ, ಒಬ್ಬ ರಾಜಕುಮಾರನಿಗೂ ಬಡಿಸಿದೆ. ಆದರೂ ಗುರುವಾರ ಬೆಳಗಾಗುವ ಮೊದಲೇ ಅಡುಗೆಮನೆ ಸೇರಿದೆ. ಗಂಬೋ ಸಾರಿಗೆಂದು ಎಣ್ಣೆಯಲ್ಲಿ ಹಿಟ್ಟು ಹುರಿಯುತ್ತಿದ್ದಾಗ ಗವರ್ನರ ಕಡೆಯವನೊಬ್ಬ ಬಂದು, ಏಡಿ ಬೇಡ, ಬೆಳ್ಳುಳ್ಳಿ ಬೇಡ, ಅಧ್ಯಕ್ಷರ ಹೊಟ್ಟೆ ಸೂಕ್ಷ್ಮ ಎಂದು ಶುರುಮಾಡಿದ. ಅವನ ಕಡೆ ತಿರುಗಿದ್ದರೆ ಹಿಟ್ಟು ಸೀದುಹೋಗುತ್ತಿತ್ತು. "ನೋಡಪ್ಪಾ, ನಾನು ಕೈಯಾಡಿಸೋದು ನಿಲ್ಲಿಸೋ ಹಾಗಿಲ್ಲ. ನೀನು ಮಾತಾಡೋದು ಮಾತಾಡ್ತಾ ಇರು" ಅಂದೆ. ಅವನು ಬೆವರು ಒರೆಸಿಕೊಂಡು ಹೊರಟುಹೋದ. ಏಡಿಯನ್ನೂ ಹಾಕಿದೆ, ಬೆಳ್ಳುಳ್ಳಿಯನ್ನೂ ಹಾಕಿದೆ.

ಅಧ್ಯಕ್ಷರು ಎರಡನೇ ಬಟ್ಟಲೂ ಖಾಲಿ ಮಾಡಿ, ಅಡುಗೆಯವರು ಯಾರೆಂದು ಕೇಳುತ್ತಾ ಒಳಗೇ ಬಂದುಬಿಟ್ಟರು. ಅವರ ಫ್ರೆಂಚ್ ನಮ್ಮಜ್ಜಿ ಆಡುತ್ತಿದ್ದಂಥದ್ದಲ್ಲ, ಆದರೂ ನನಗೆ ತಿಳಿಯಿತು. "ನಮ್ಮಮ್ಮನೂ ಬೆಂಡೆಕಾಯಿನ ಹೀಗೇ ಕರಗೋಕೆ ಬಿಡ್ತಿದ್ರು ಕಣಮ್ಮ. ಅವರು ಹೋದ ಮೇಲೆ ಇವತ್ತೇ ತಿಂದಿದ್ದು" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಪತ್ರಿಕೆಯವರು ಕ್ಯಾಮೆರಾ ಎತ್ತಿದರು.

ನನಗೆ ನೀನೇ ನೆನಪಾದೆ. ನಿನ್ನ ಮೈಬಣ್ಣ ತಿಳಿಯಾದ್ದರಿಂದ ಅಲ್ಲಿ ನೀನು ಬಿಳಿಯನಾಗಿ ಬದುಕುತ್ತಿದ್ದೀಯ. ನಾವು ಇದ್ದೇವೆಂಬುದೇ ನಿನ್ನ ಹೆಂಡತಿ ಮಕ್ಕಳಿಗೆ ಗೊತ್ತಿಲ್ಲ. ಪೇಪರಿನಲ್ಲಿ ಮುಖ ತೋರಿಸಬೇಡ ಅಕ್ಕಾ ಎಂದು ನೀನು ಕೇಳಿಕೊಂಡ ಮೇಲೆ, ಫೋಟೊದವರು ಬಂದಾಗಲೆಲ್ಲ ನಾನು ಒಲೆಯ ಕಡೆ ತಿರುಗಿದ್ದೇನೆ. ಬೈಯುತ್ತಿಲ್ಲ ಮರೀ. ಆಗ ಕರಿಯನೆಂದು ಹೇಳಿಕೊಂಡಿದ್ದರೆ ನಿನಗೆ ಅಲ್ಲಿ ಒಳ್ಳೆಯ ಕೆಲಸ ಸಿಗುತ್ತಲೇ ಇರಲಿಲ್ಲ. ಆದರೆ ಅಂಥವರು ತಾಯಿಯನ್ನು ನೆನೆದು ಕೈ ಹಿಡಿದಿರುವಾಗ ಹೇಗೆ ಬೆನ್ನು ತಿರುಗಿಸಲಿ? ನಿಂತೆ. ನನ್ನ ಹೆಸರಿನ ಜೊತೆ ಗಂಡನ ಮನೆತನದ ಹೆಸರನ್ನಷ್ಟೇ ಕೊಟ್ಟೆ, ನಮ್ಮಪ್ಪನದನ್ನಲ್ಲ. ಫೋಟೊ ನಿಮ್ಮೂರಿನ ಪೇಪರಿನಲ್ಲೂ ಬಂದಿದೆ ಎಂದು ಕೇಳಿದಾಗಿನಿಂದ ಅನ್ನ ಇಳಿದಿರಲಿಲ್ಲ. ನಿನ್ನಿಂದ ಒಂದು ತಂತಿಯೂ ಬರದಿರುವುದನ್ನು ನೋಡಿದರೆ ಯಾರೂ ಗಮನಿಸಿಲ್ಲ ಎನಿಸುತ್ತದೆ. ಈಗಷ್ಟೇ ಉಸಿರು ಬಂದಂತಾಗಿದೆ. ನೀನೂ ನಿಶ್ಚಿಂತೆಯಿಂದಿರು.

ಅಮ್ಮ ನಿನ್ನ ತಲೆ ಸವರಿದಳೆಂದು ತಿಳಿದುಕೋ.

ನಿನ್ನ ಅಕ್ಕ,
ಯೂಲಾಲಿ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಫೋನು ಬಂತು. ನಿನ್ನ ಹೆಂಡತಿ ಮಾರ್ಜರಿ! ಪೇಪರಿನಲ್ಲಿ ಹೋಟೆಲಿನ ಹೆಸರು ನೋಡಿ ನಂಬರು ಹುಡುಕಿದಳಂತೆ. "ನಿದ್ದೇಲಿ ಫ್ರೆಂಚ್ ಮಾತಾಡ್ತಾರೆ, ಯೂಲಾಲಿ ಯೂಲಾಲಿ ಅಂತಾರೆ. ಫೋಟೊದಲ್ಲಿ ಅದೇ ಹೆಸರು, ಅವರದೇ ಗಲ್ಲ. ಏನೋ ಇದೆ ಅಂತ ನನಗೆ ಮೊದಲೇ ಗೊತ್ತಿತ್ತು ಅಕ್ಕಾ, ಅವರೇ ಹೇಳ್ಲಿ ಅಂತ ಕಾದೆ" ಎಂದಳು. ಸಿಟ್ಟಿಲ್ಲ ನ್ಯೂಮಾ, ಅಳುತ್ತಿದ್ದಳು. ನಿನಗೆ ನಾನೇ ತಿಳಿಸಬೇಕಂತೆ, ಅವಳಿಗೆ ಬಾಯಿ ಬರುವುದಿಲ್ಲವಂತೆ. ಈಸ್ಟರಿಗೆ ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ನೀನೂ ಬಾ. ಅಮ್ಮನಿಗೆ ಹೇಳಿದೆ. ಜಪಮಾಲೆ ಕೆಳಗಿಟ್ಟು, "ಆ ಮಕ್ಕಳು ಖಾರ ತಿಂತಾವಾ ಕೇಳು" ಎಂದಳು.